ಕಲ್ಲಚ್ಚಿನ ಮೋಗ್ಲಿಂಗ್

ಹರ್ಮನ್ ಮೋಗ್ಲಿಂಗರು 1811ರಲ್ಲಿ ಜರ್ಮನಿಯಲ್ಲಿ ಜನಿಸಿ, 1836ರಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ಮಂಗಳೂರಿಗೆ ಬಂದರು. ಮತಪ್ರಚಾರಕ್ಕೆಂದು ಬಂದವರನ್ನು ಕನ್ನಡ ನುಡಿ ಒಲಿಸಿಕೊಂಡಿತು. ಆಗ ನಮ್ಮ ಕಾವ್ಯಗಳು ಬಹುಮಟ್ಟಿಗೆ ಓಲೆಗರಿಗಳಲ್ಲಿದ್ದವು. ಒಂದು ಪ್ರತಿ ಬೇಕಾದರೆ ಗರಿಗರಿಯನ್ನೂ ಕೊರೆದು ಬರೆಯಬೇಕಾಗಿತ್ತು.

ಮೋಗ್ಲಿಂಗರು ಹಿಡಿದ ಸಾಧನ ಕಲ್ಲಚ್ಚು. ನುಣ್ಣನೆಯ ಸುಣ್ಣಕಲ್ಲಿನ ಮೇಲೆ ಜಿಡ್ಡುಮಸಿಯಲ್ಲಿ ಅಕ್ಷರ ಮೂಡಿಸಿ, ಕಲ್ಲನ್ನು ತೋಯಿಸಿ ಮಸಿ ಸವರಿದರೆ, ಅಕ್ಷರವಿದ್ದೆಡೆಯಷ್ಟೇ ಮಸಿ ನಿಲ್ಲುತ್ತದೆ. ಕಾಗದವಿಟ್ಟು ಒತ್ತಿದರೆ ಅಚ್ಚು. 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೀಗೆ ಹೊರಬಿತ್ತು; ಮರುವರ್ಷ ಬಳ್ಳಾರಿಗೆ ಸಾಗಿ ‘ಕನ್ನಡ ಸಮಾಚಾರ’ವಾಯಿತು.

ಹರಪನಹಳ್ಳಿ ಸೀಮೆಯ ಬಾಗಳಿಯಲ್ಲಿ ಕಲ್ಲೇಶ್ವರ ದೇಗುಲದ ಶಾಸನಗಳನ್ನು ವಿದ್ಯಾರ್ಥಿಗಳಿಗೆ ಓದಿಸುವಾಗ ನಾನು ಈ ಕಲ್ಲನ್ನೂ ನೆನೆಯುವುದುಂಟು. ಚಾಲುಕ್ಯರ ಕಾಲದ ಕಲ್ಲು ಅಕ್ಷರವನ್ನು ಕಾಯ್ದು ನಿಂತಿದೆ; ಓದುವವನೇ ಅದರ ಬಳಿಗೆ ಹೋಗಬೇಕು. ಅಚ್ಚಿನ ಕಲ್ಲನ್ನಾದರೋ ಕೆಲಸ ಮುಗಿದೊಡನೆ ಉಜ್ಜಿ ಮತ್ತೊಂದು ಪುಟಕ್ಕೆ ಅಣಿಗೊಳಿಸುತ್ತಿದ್ದರು. ಅದರ ಅಕ್ಷರವೇ ಓದುಗನ ಮನೆಗೆ ನಡೆಯಿತು.

1848ರಿಂದ ಅವರ ‘ಬಿಬ್ಲಿಯೊಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಅಚ್ಚಾದವು. ಅನ್ಯಮತದ ಕೃತಿಗಳೆಂದು ಆ ಪಾದ್ರಿ ಅವನ್ನು ಕೈಬಿಡಲಿಲ್ಲ. 1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾನಿಲಯ ಅವರಿಗೆ ಡಾಕ್ಟರೇಟ್ ನೀಡಿತು. 1860ರಲ್ಲಿ ತಾಯ್ನಾಡಿಗೆ ಮರಳಿದ ಅವರು 1881ರಲ್ಲಿ ತೀರಿಕೊಂಡರು.

ಕಲ್ಲಚ್ಚನ್ನು ಮೊಳೆಯಚ್ಚು ಸರಿಸಿತು. ಮೊಳೆಯೂ ಸರಿದು ಇಂದು ಅಂಗೈಯ ಗಾಜಿನ ಮೇಲೆ ಅಕ್ಷರ ಮೂಡುತ್ತಿದೆ. ಸಾಧನಗಳು ಸವೆಯುತ್ತವೆ, ಸವೆಯಲಿ. ಓಲೆಯಿಂದ ಕಲ್ಲಿಗೆ ದಾಟಿಸಲು ಅಂದು ಒಬ್ಬರು ದೊರೆತರು. ಜೀರ್ಣವಾಗುತ್ತಿರುವ ಗರಿಗಳನ್ನು ಗಾಜಿಗೆ ದಾಟಿಸುವ ಹೊಣೆ ಇಂದಿನ ತರುಣರದು.