ಬೂಷ್ಟಿನ ರಸವನ್ನು ಔಷಧವಾಗಿಸಿದ ಹೊವಾರ್ಡ್ ಫ್ಲೋರಿ

ಪೆನಿಸಿಲಿನ್ ಎಂದೊಡನೆ ನೆನಪಾಗುವ ಹೆಸರು ಅಲೆಕ್ಸಾಂಡರ್ ಫ್ಲೆಮಿಂಗ್. 1928ರಲ್ಲಿ ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಬೂಷ್ಟೊಂದು ರೋಗಾಣುಗಳನ್ನು ಕೊಲ್ಲುವುದನ್ನು ಗುರುತಿಸಿದವರು ಅವರು. ಆದರೆ ಆ ಬೂಷ್ಟಿನ ರಸವನ್ನು ರೋಗಿಗೆ ಕೊಡಬಹುದಾದ ಔಷಧವನ್ನಾಗಿ ಮಾಡಿದವರು ಆಕ್ಸ್‌ಫರ್ಡಿನ ಹೊವಾರ್ಡ್ ಫ್ಲೋರಿ ಮತ್ತು ಅವರ ಸಂಗಡಿಗರು. ಹಸುಗೂಸುಗಳ ಸೋಂಕಿಗೆ ಇಂದು ಹಳ್ಳಿಯಲ್ಲಿಯೇ ಚಿಕಿತ್ಸೆ ಆರಂಭಿಸಲು ಸಾಧ್ಯವಾಗಿರುವುದರ ಹಿಂದೆ ಅವರ ದುಡಿಮೆಯಿದೆ.

ಫ್ಲೋರಿ ಜನಿಸಿದ್ದು 1898ರ ಸೆಪ್ಟೆಂಬರ್ 24ರಂದು, ಆಸ್ಟ್ರೇಲಿಯಾದ ಅಡಿಲೇಡ್ ನಗರದಲ್ಲಿ. ತಂದೆ ಪಾದರಕ್ಷೆ ತಯಾರಿಕೆಯ ಉದ್ಯಮಿ. ಹುಟ್ಟೂರಿನಲ್ಲಿಯೇ ವೈದ್ಯ ಪದವಿ ಪಡೆದ ಫ್ಲೋರಿ, ರೋಡ್ಸ್ ವಿದ್ಯಾರ್ಥಿವೇತನದ ನೆರವಿನಿಂದ ಆಕ್ಸ್‌ಫರ್ಡ್ ಸೇರಿದರು. 1926ರಲ್ಲಿ ಅಡಿಲೇಡಿನಲ್ಲಿ ತಮ್ಮಂತೆಯೇ ವೈದ್ಯಶಾಸ್ತ್ರ ಓದಿದ್ದ ಎಥೆಲ್ ರೀಡ್ ಅವರ ಕೈಹಿಡಿದರು. ಕೇಂಬ್ರಿಜ್ ಹಾಗೂ ಶೆಫೀಲ್ಡ್‌ಗಳಲ್ಲಿ ದುಡಿದು, 1935ರಲ್ಲಿ ಆಕ್ಸ್‌ಫರ್ಡಿನ ವಿಲಿಯಂ ಡನ್ ರೋಗಶಾಸ್ತ್ರ ಶಾಲೆಯ ಮುಖ್ಯಸ್ಥರಾದರು.

ಜರ್ಮನಿಯಿಂದ ಬಂದ ಯಹೂದಿ ವಿಜ್ಞಾನಿ ಅರ್ನ್‌ಸ್ಟ್ ಚೈನ್ ಅವರನ್ನು ಫ್ಲೋರಿ ತಮ್ಮ ಶಾಲೆಗೆ ಸೇರಿಸಿಕೊಂಡರು. ಫ್ಲೆಮಿಂಗ್ ಬರೆದಿದ್ದ ಹಳೆಯ ಲೇಖನ ಚೈನ್ ಅವರ ಕಣ್ಣಿಗೆ ಬಿದ್ದಿತು. ರಸವನ್ನು ಶುದ್ಧೀಕರಿಸುವ ಉಪಾಯಗಳನ್ನು ನಾರ್ಮನ್ ಹೀಟ್ಲಿ ರೂಪಿಸಿದರು. 1940ರ ಮೇ 25ರಂದು ಮಾರಕ ರೋಗಾಣುಗಳನ್ನು ಚುಚ್ಚಿದ್ದ 8 ಇಲಿಗಳಲ್ಲಿ ನಾಲ್ಕಕ್ಕೆ ಪೆನಿಸಿಲಿನ್ ನೀಡಲಾಯಿತು. ಬೆಳಗಾಗುವ ಮುನ್ನ ಔಷಧ ಸಿಗದ ನಾಲ್ಕೂ ಸತ್ತಿದ್ದವು. ಔಷಧ ಪಡೆದವು ಬದುಕಿದ್ದವು.

ಅದು ಯುದ್ಧಕಾಲ. ಪಾತ್ರೆಗಳಿಗೂ ಬರ. ಹಾಸಿಗೆ ಹಿಡಿದ ರೋಗಿಗಳ ಮಲಪಾತ್ರೆಗಳಲ್ಲಿಯೂ ಬೂಷ್ಟು ಬೆಳೆಸಬೇಕಾಯಿತು. 1941ರ ಫೆಬ್ರುವರಿ 12ರಂದು ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸ್ ಪೇದೆಗೆ ಚಿಕಿತ್ಸೆ ಆರಂಭವಾಯಿತು. ಮುಖವೆಲ್ಲ ಕೀವು ತುಂಬಿದ್ದ ಆತ ಕೆಲವೇ ದಿನಗಳಲ್ಲಿ ಚೇತರಿಸಿಕೊಂಡ. ಅಷ್ಟರಲ್ಲಿ ಔಷಧವೇ ತೀರಿತು. ಆತನ ಮೂತ್ರದಿಂದ ಪೆನಿಸಿಲಿನ್ ಮರಳಿ ತೆಗೆದು ಕೊಟ್ಟರೂ ಸಾಲದಾಯಿತು. ಸೋಂಕು ಮರುಕಳಿಸಿ ಮಾರ್ಚ್ ತಿಂಗಳಲ್ಲಿ ಆತ ಅಸುನೀಗಿದ. ಸೋತದ್ದು ಔಷಧದ ಗುಣವಲ್ಲ, ಅದರ ಪ್ರಮಾಣ.

ಈ ಸಾವಿನ ನಂತರ ಫ್ಲೋರಿ ಹೆಚ್ಚಾಗಿ ಮಕ್ಕಳನ್ನೇ ಚಿಕಿತ್ಸೆಗೆ ಆರಿಸಿಕೊಂಡರು. ಸಣ್ಣ ದೇಹಕ್ಕೆ ಸ್ವಲ್ಪವೇ ಔಷಧ ಸಾಕು ಎಂಬುದು ಅದರ ಕಾರಣ. 1941ರ ಆಗಸ್ಟ್‌ನಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ವರದಿಯಲ್ಲಿ ಮೂತ್ರದ ಸೋಂಕಿನಿಂದ ಬಳಲುತ್ತಿದ್ದ ಆರು ತಿಂಗಳ ಕೂಸೂ ಇತ್ತು. ರೋಗಿಗಳ ಮೇಲಿನ ಪ್ರಯೋಗಗಳನ್ನು ಮುಂದೆ ಬಹುಮಟ್ಟಿಗೆ ನಿರ್ವಹಿಸಿದವರು ಪತ್ನಿ ಎಥೆಲ್.

ಔಷಧದ ಕೊರತೆ ನೀಗಿಸಲು ಫ್ಲೋರಿ ಮತ್ತು ಹೀಟ್ಲಿ 1941ರ ಬೇಸಿಗೆಯಲ್ಲಿ ಅಮೆರಿಕಕ್ಕೆ ಹಾರಿದರು. ಪಿಯೋರಿಯಾ ನಗರದ ಕೃಷಿ ಪ್ರಯೋಗಾಲಯದಲ್ಲಿ ಮೆಕ್ಕೆಜೋಳ ನೆನೆಸಿದ ನೀರನ್ನು ಬಳಸಿ ಇಳುವರಿ ಹೆಚ್ಚಿಸಲಾಯಿತು. 1944ರ ಹೊತ್ತಿಗೆ ಔಷಧ ಹೇರಳವಾಗಿ ದೊರೆಯತೊಡಗಿತು. ಪೆನಿಸಿಲಿನ್‌ಗೆ ಪೇಟೆಂಟ್ ಪಡೆಯಬೇಕೆಂದು ಚೈನ್ ಒತ್ತಾಯಿಸಿದ್ದರೂ, ಅದು ವೈದ್ಯಧರ್ಮಕ್ಕೆ ಸಲ್ಲದೆಂಬ ಹಿರಿಯರ ಸಲಹೆಯಂತೆ ಫ್ಲೋರಿ ಆ ಹಾದಿ ಹಿಡಿಯಲಿಲ್ಲ. 1945ರ ನೊಬೆಲ್ ಪ್ರಶಸ್ತಿಯನ್ನು ಫ್ಲೆಮಿಂಗ್, ಫ್ಲೋರಿ, ಚೈನ್ ಹಂಚಿಕೊಂಡರು. 1960ರಿಂದ 1965ರವರೆಗೆ ರಾಯಲ್ ಸೊಸೈಟಿಯ ಅಧ್ಯಕ್ಷರಾಗಿದ್ದ ಫ್ಲೋರಿ, 1968ರ ಫೆಬ್ರುವರಿ 21ರಂದು ನಿಧನರಾದರು.

ಅವರ ಜೀವಿತಕಾಲದಲ್ಲಿಯೇ ಪೆನಿಸಿಲಿನ್ ಭಾರತದಲ್ಲಿ ನೆಲೆಯೂರಿತು. 1954ರಲ್ಲಿ ಪುಣೆ ಬಳಿಯ ಪಿಂಪ್ರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ನೆರವಿನೊಂದಿಗೆ ಹಿಂದೂಸ್ತಾನ್ ಆ್ಯಂಟಿಬಯಾಟಿಕ್ಸ್ ಸ್ಥಾಪನೆಯಾಯಿತು. 1981ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಆ್ಯಂಟಿಬಯಾಟಿಕ್ಸ್ ಅಸ್ತಿತ್ವಕ್ಕೆ ಬಂದಿತು.

ಪೆನಿಸಿಲಿನ್ ಕುಲದ ಅಮಾಕ್ಸಿಸಿಲಿನ್ ಇಂದು ಎಳೆಯ ಶಿಶುಗಳ ನಂಜಿಗೆ ಕೊಡುವ ಮುಖ್ಯ ಔಷಧಗಳಲ್ಲೊಂದು. ನಂಜೇರಿದ ಶಿಶುವನ್ನು ಆಸ್ಪತ್ರೆಗೆ ಸೇರಿಸುವುದೇ ಮೊದಲ ಕರ್ತವ್ಯ. ಆದರೆ ಬಡ ದೇಶಗಳ ಅನೇಕ ಕುಟುಂಬಗಳಿಗೆ ಅದು ಸಾಧ್ಯವಾಗುವುದಿಲ್ಲ. ಅಂತಹ ಸಂದರ್ಭದಲ್ಲಿ ಎರಡು ತಿಂಗಳೊಳಗಿನ ಶಿಶುವಿಗೆ ಎಎನ್‌ಎಂಗಳೇ ಜೆಂಟಾಮೈಸಿನ್ ಚುಚ್ಚುಮದ್ದು ಮತ್ತು ಬಾಯಿಯ ಮೂಲಕ ಅಮಾಕ್ಸಿಸಿಲಿನ್ ನೀಡಲು ಕೇಂದ್ರ ಸರ್ಕಾರ 2014ರಲ್ಲಿ ಅನುಮತಿಸಿತು. ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆಯೂ ಇಂತಹುದೇ ಮಾರ್ಗಸೂಚಿ ಹೊರಡಿಸಿತು.

ಯಾದಗಿರಿ ಜಿಲ್ಲೆ ಸುರಪುರ ತಾಲ್ಲೂಕಿನ ಕಕ್ಕೇರಾದಂತಹ ಊರಿಗೆ ಇದರ ಮಹತ್ವ ಚೆನ್ನಾಗಿ ಅರಿವಾಗುತ್ತದೆ. ಊರಿನ ಸುತ್ತಲಿನ ಹೊಲಗಳ ನಡುವೆ ದೊಡ್ಡಿಗಳಲ್ಲಿ ಜನರು ವಾಸಿಸುತ್ತಾರೆ. ಜಿಲ್ಲಾ ಕೇಂದ್ರ ದೂರ. ಕೂಸು ಹಾಲು ಕುಡಿಯುವುದನ್ನು ಬಿಟ್ಟರೆ, ಉಸಿರಾಡುವಾಗ ಪಕ್ಕೆ ಒಳಸರಿದರೆ, ಮೈ ಸುಟ್ಟರೆ ಅಥವಾ ತಣ್ಣಗಾದರೆ ಗಂಟೆಗಳೇ ನಿರ್ಣಾಯಕ. ಚಿಕಿತ್ಸೆ ಕೂಡಲೇ ಆರಂಭವಾಗಬೇಕು ಮಾತ್ರವಲ್ಲ, ಏಳು ದಿನವೂ ತಪ್ಪದೆ ನಡೆಯಬೇಕು. ಅನಗತ್ಯವಾಗಿ ಬಳಸಿದ ಪ್ರತಿಜೀವಕಗಳಿಂದ ರೋಗಾಣುಗಳು ಮದ್ದಿಗೆ ಮಣಿಯದಂತಾಗುತ್ತಿರುವುದು ಇನ್ನೊಂದು ಆತಂಕ.

ಔಷಧವೊಂದನ್ನು ಕಂಡುಹಿಡಿದರೆ ಅರ್ಧ ಕೆಲಸ ಮಾತ್ರ ಮುಗಿಯುತ್ತದೆ. ಅದು ಬೇಕಾದಷ್ಟು, ಬೇಕಾದ ಹೊತ್ತಿಗೆ, ಬೇಕಾದವರಿಗೆ ಸಿಗುವುದೇ ಉಳಿದರ್ಧ. ಫ್ಲೋರಿ ಶ್ರಮಿಸಿದ್ದು ಆ ಉಳಿದರ್ಧಕ್ಕಾಗಿ. ದೊಡ್ಡಿಯ ಕೂಸಿನ ಮಟ್ಟಿಗೆ ಆ ಕೆಲಸ ಇನ್ನೂ ಪೂರ್ಣವಾಗಿಲ್ಲ.