ಕಲಾದಗಿಯ ಕಲ್ಲಿಗೆ ಹೆಸರಿಟ್ಟ ಬ್ರೂಸ್ ಫೂಟ್ ಮತ್ತು ಗಲಗಲಿಯಲ್ಲಿ ಸಿಗದ ಕಡಲಜೀವಿ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆಲ್ಲ ರಾಬರ್ಟ್ ಬ್ರೂಸ್ ಫೂಟ್ ಗೊತ್ತು. 1863ರ ಮೇ 30, ಮದ್ರಾಸಿನ ಪಲ್ಲಾವರಂ, ಹಳೆ ಶಿಲಾಯುಗದ ಕಲ್ಲಿನ ಆಯುಧ. ಒಂದು ಅಂಕದ ಪ್ರಶ್ನೆ, ಮುಗೀತು. ನಾನು ಕೃಷ್ಣಾ ದಂಡೆಯ ಗಲಗಲಿ ಕಡೆಯವನು. ನಮ್ಮ ಭಾಗಕ್ಕೆ ಈ ಮನುಷ್ಯ ಮುಖ್ಯ ಆಗೋದು ಬೇರೆ ಕಾರಣಕ್ಕೆ. ನಮ್ಮ ನೆಲದಡಿಯ ಕಲ್ಲಿಗೆ 'ಕಲಾದಗಿ ಸರಣಿ' ಅಂತ ಹೆಸರು ಕೊಟ್ಟವನು ಆತ. ಆ ಕಲ್ಲಿನಲ್ಲಿ ಏನು ಸಿಗಲಿಲ್ಲ ಅನ್ನೋದು, ಸಿಕ್ಕಿದ್ದರಷ್ಟೇ ದೊಡ್ಡ ಕತೆ.

ಫೂಟ್ ಹುಟ್ಟಿದ್ದು 1834ರ ಸೆಪ್ಟೆಂಬರ್‌ನಲ್ಲಿ, ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ. 1858ರ ಕೊನೆಗೆ, 24ರ ಹರೆಯದಲ್ಲಿ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಸೇರಿ ಮದ್ರಾಸ್ ತಂಡಕ್ಕೆ ಬಂದ. ಕಂಪನಿ ಸರ್ಕಾರ ಹೋಗಿ ರಾಣಿಯ ಸರ್ಕಾರ ಬಂದ ವರ್ಷ ಅದು. ರೈಲಿಗೆ ಕಲ್ಲಿದ್ದಲು ಬೇಕಿತ್ತು, ಖಜಾನೆಗೆ ಚಿನ್ನ, ಕಬ್ಬಿಣ ಬೇಕಿತ್ತು. ಭೂವಿಜ್ಞಾನಿಗೆ ಸಂಬಳ ಕೊಡ್ತಿದ್ದದ್ದು ಇದಕ್ಕೇ. ಮಾನವಕುಲದ ಪ್ರಾಚೀನತೆ ಹುಡುಕಲು ಯಾರೂ ಆತನನ್ನು ಕಳಿಸಿರಲಿಲ್ಲ.

ಆ ತಂಡದ ಹಿರಿಯ ಎಚ್.ಎಫ್. ಬ್ಲ್ಯಾನ್‌ಫರ್ಡ್ ಆಗ ತಿರುಚಿನಾಪಳ್ಳಿ, ಅರಿಯಲೂರು ಸುತ್ತಲಿನ ಸುಣ್ಣಕಲ್ಲನ್ನು ಅಳೆಯುತ್ತಿದ್ದ. ಅದು ಸುಮಾರು 10 ಕೋಟಿ ವರ್ಷದಿಂದ 6.6 ಕೋಟಿ ವರ್ಷದ ಹಿಂದಿನವರೆಗೆ ಇದ್ದ ಆಳವಿಲ್ಲದ ಸಮುದ್ರದ ತಳ. ಅಲ್ಲಿ ಕಡಲ ಮುಳ್ಳುಚೆಂಡುಗಳು, ಅಂದರೆ ಸೀ ಅರ್ಚಿನ್‌ಗಳು, ಕಲ್ಲಾಗಿ ಸಿಗ್ತವೆ. ಇವುಗಳಲ್ಲಿ ಹಲವು ಮರಳಲ್ಲಿ ಹೂತುಕೊಂಡು ಬದುಕುವ ಜೀವಿಗಳು. ಸತ್ತ ಮೇಲೆ ಮುಳ್ಳುಗಳು ಉದುರಿ, ಸುಣ್ಣದ ಬಿಲ್ಲೆಗಳಿಂದ ಮಾಡಿದ ಡಬ್ಬಿಯಂಥ ಚಿಪ್ಪು ಮಾತ್ರ ಉಳಿಯುತ್ತೆ. ಬಹುತೇಕ ಮೊದಲೇ ಮಣ್ಣಲ್ಲಿ ಹೂತಿರೋದರಿಂದ ಅಲೆಗೆ ಸಿಕ್ಕು ಪುಡಿಯಾಗೋದು ಕಡಿಮೆ. ಬೆನ್ನ ಮೇಲೆ ಐದು ಎಸಳಿನ ಗುರುತು. ಹೊಲದಲ್ಲಿ ಬಿದ್ದಿದ್ದರೆ ಯಾರೋ ಕೆತ್ತಿದ ಕಲ್ಲಿನ ಹೂವು ಅಂದುಕೊಳ್ಳಬೇಕು, ಹಂಗಿರುತ್ತೆ.

ಚಂದಕ್ಕಾಗಿ ಮಾತ್ರ ಇವನ್ನು ಕೂಡಿಹಾಕಲಿಲ್ಲ. ಒಂದೊಂದು ಕಾಲದ ಪದರಕ್ಕೆ ಒಂದೊಂದು ಜಾತಿ. ಚಿಪ್ಪು ಗುರುತಿಸಿದರೆ ಪದರದ ವಯಸ್ಸು ಹೇಳಬಹುದು, ನೀರು ಎಷ್ಟು ಆಳವಿತ್ತು ಅಂತ ಊಹಿಸಬಹುದು. ಕೆಯ್ ಮತ್ತು ಕನ್ಲಿಫ್ ಎಂಬ ಇಬ್ಬರು ಕೂಡಿಸಿದ್ದ ದಕ್ಷಿಣದ ಪಳೆಯುಳಿಕೆಗಳನ್ನು ಎಡ್ವರ್ಡ್ ಫೋರ್ಬ್ಸ್ 1846ರಲ್ಲೇ ಲಂಡನ್ನಿನಲ್ಲಿ ವಿವರಿಸಿದ್ದ. ಸರ್ವೆಯ ಸಂಗ್ರಹ ಕಲ್ಕತ್ತೆಗೆ ಹೋಯಿತು. ಅಲ್ಲಿ ಮೊರಾವಿಯಾದ ಫರ್ಡಿನಾಂಡ್ ಸ್ಟೊಲಿಚ್ಕಾ ಕೂತು ವರ್ಷಗಟ್ಟಲೆ ಬರೆದ. ಕಡಲ ಮುಳ್ಳುಚೆಂಡುಗಳ ಭಾಗ 1873ರಲ್ಲಿ ಬಂತು. ಮರುವರ್ಷವೇ, 36ನೇ ವಯಸ್ಸಿಗೆ, ಯಾರ್ಕಂದ್‌ನಿಂದ ವಾಪಸ್ ಬರ್ತಾ ಲಡಾಖ್‌ನಲ್ಲಿ ಸತ್ತ. ಬಿಸಿಲಲ್ಲಿ ಕಲ್ಲು ಒಡೆದು ತಲೆ ಮೇಲೆ ಹೊತ್ತು ಗಾಡಿಗೆ ಹಾಕಿದವರ ಹೆಸರು ಆ ಪುಸ್ತಕಗಳ ಮುಖಪುಟದ ಮೇಲೆ ಇಲ್ಲ.

ಫೂಟ್ ಕಣ್ಣು ಪಳಗಿದ್ದು ಇಂಥ ತಂಡದಲ್ಲಿ. ಪಲ್ಲಾವರಂ ಕತೆ ನಿಮಗೆ ಗೊತ್ತೇ ಇದೆ. ಅಂದು ಬಿದ್ದ ಕಲ್ಲು ಬರೀ ಕಲ್ಲಲ್ಲ, ಮನುಷ್ಯ ಕೈಯಾರೆ ಕೆತ್ತಿದ್ದು ಅಂತ ಗುರುತಿಸೋಕೆ ಯುರೋಪಿನ ಹೊಸ ಶೋಧಗಳನ್ನು ಓದಿಕೊಂಡಿರಬೇಕಿತ್ತು, ಆತ ಓದಿಕೊಂಡಿದ್ದ. ಅದೇ ವರ್ಷ ವಿಲಿಯಂ ಕಿಂಗ್ ಜೊತೆ ಅತ್ತಿರಂಪಾಕ್ಕಂನಲ್ಲಿ ಇನ್ನಷ್ಟು ಸಿಕ್ಕವು.

ನಂತರ ಬಂದದ್ದು ನಮ್ಮ ಕಡೆಗೆ. ಬೆಳಗಾವಿ, ಧಾರವಾಡ, ಕಲಾದಗಿ, ಸುತ್ತಲಿನ ಮುಧೋಳ, ಜಮಖಂಡಿ ಸಂಸ್ಥಾನಗಳು ಸೇರಿ ಬ್ರಿಟಿಷರು ಅದನ್ನು ದಕ್ಷಿಣ ಮರಾಠಾ ದೇಶ ಅಂತಿದ್ದರು. ಕನ್ನಡ ಮಾತಾಡುವ ನೆಲಕ್ಕೆ ಮರಾಠಾ ಅಂತ ಹೆಸರು. ನಕಾಶೆ ಬರೆಯುವವನ ಅಧಿಕಾರ ಅದು. ಈ ಸೀಮೆಯ ಬಗ್ಗೆ ಫೂಟ್ ಬರೆದ ದೊಡ್ಡ ಗ್ರಂಥ 1876ರಲ್ಲಿ ಬಂತು. ಕಲಾದಗಿ ಆಗ ಜಿಲ್ಲಾ ಕೇಂದ್ರ. ಅದರ ಹೆಸರೇ ಕಲ್ಲಿಗೂ ಬಂತು.

ಮರಳುಗಲ್ಲು, ಜೇಡುಗಲ್ಲು, ಸುಣ್ಣಕಲ್ಲು, ಡಾಲಮೈಟ್. ಎಲ್ಲಾ ನೀರಿನ ತಳದಲ್ಲಿ ಪದರಪದರವಾಗಿ ಕೂತದ್ದು. ಬಾದಾಮಿಯ ಗುಡ್ಡಗಳಲ್ಲಿ ಮರಳಿನ ಮೇಲೆ ಅಲೆ ಬಿಟ್ಟ ಗೆರೆಗಳು ಇವತ್ತಿಗೂ ಕಾಣ್ತವೆ. ಇಷ್ಟೆಲ್ಲ ಇದ್ದ ಮೇಲೆ ಚಿಪ್ಪು ಸಿಗಬೇಕಲ್ಲ? ಸಿಗಲಿಲ್ಲ. ಶಂಖವಿಲ್ಲ, ಮುಳ್ಳುಚೆಂಡಿಲ್ಲ. ಪಳೆಯುಳಿಕೆ ಇಲ್ಲದ ಸರಣಿ ಅಂತಲೇ ದಾಖಲಾಯಿತು. ಅರಿಯಲೂರಿನ ಕಲ್ಲು ಇದೇ ಕಾಲದ್ದಿರಬಹುದು ಅಂತ ಎಳೆದು ಜೋಡಿಸಿ ಕತೆ ಕಟ್ಟಲಿಲ್ಲ. ಖಾಲಿ ಇದ್ದದ್ದನ್ನು ಖಾಲಿ ಬಿಟ್ಟರು. ಪುರಾತನದ ಖಾಲಿ ಜಾಗ ಕಂಡ ಕೂಡಲೇ ವಿಮಾನ, ಅಣುಬಾಂಬ್ ತುಂಬಿಸುವ ನಮ್ಮ ಕಾಲದಲ್ಲಿ ಇದನ್ನು ಸಣ್ಣ ಗುಣ ಅಂತ ನಾನು ಅನ್ನೋದಿಲ್ಲ.

ಕಾರಣ ಈಗ ಗೊತ್ತು. ಕಡಲ ಮುಳ್ಳುಚೆಂಡುಗಳು ಭೂಮಿ ಮೇಲೆ ಬಂದದ್ದು ಸುಮಾರು 45 ಕೋಟಿ ವರ್ಷದ ಹಿಂದೆ. ಕಲಾದಗಿಯ ಹಳೆಯ ಪದರಗಳು 100 ಕೋಟಿ ವರ್ಷ ದಾಟಿದವು. ಚಿಪ್ಪು ಕಟ್ಟುವ ಪ್ರಾಣಿ ಇನ್ನೂ ಹುಟ್ಟದ ಕಡಲು ಅದು. ಆದರೆ ಜೀವವೇ ಇರಲಿಲ್ಲ ಅಂತಲ್ಲ. ಸೂಕ್ಷ್ಮಜೀವಿಗಳು ಲೋಳೆಯ ಹಾಸಿನಂತೆ ಬೆಳೆದು, ಮಣ್ಣು ಹಿಡಿದು, ಪದರದ ಮೇಲೆ ಪದರ ಕಟ್ಟಿದ ದಿಬ್ಬಗಳು, ಸ್ಟ್ರೊಮ್ಯಾಟೊಲೈಟ್‌ಗಳು, ಈ ಸುಣ್ಣಕಲ್ಲು ಡಾಲಮೈಟಿನಲ್ಲಿವೆ. ಅಡ್ಡ ಕೊಯ್ದರೆ ಕೋಸಿನ ಗಡ್ಡೆ ಹೆಚ್ಚಿದಂಗೆ ಕಾಣುತ್ತೆ. ಇಂಥವು ಜೀವದ ಕೆಲಸ ಅಂತ ಒಪ್ಪಿಗೆಯಾಗಲು 20ನೇ ಶತಮಾನ ಬರಬೇಕಾಯಿತು.

ಇನ್ನು ಅರಿಯಲೂರಿನಲ್ಲಿ ಮುಳ್ಳುಚೆಂಡುಗಳು ಮರಳು ಅಗೆಯುತ್ತಿದ್ದಾಗ ಇಲ್ಲಿ ಒಣ ನೆಲ. ಆ ಕಾಲದ ಕೊನೆಗೆ ಲಾವಾ ಉಕ್ಕಿ ಹರಿದು ದಖನ್ನಿನ ಕಪ್ಪು ಕಲ್ಲು ಹಾಸಿತು. ಬಾಗಲಕೋಟೆ ಜಿಲ್ಲೆಯಲ್ಲಿ ಆ ಕಪ್ಪು ಕಲ್ಲೂ ಕಲಾದಗಿ ಕಲ್ಲೂ ಕೂಡುವ ಅಂಚು ಇದೆ. ಗಲಗಲಿ ಅಂದರೆ ಗಲಗಲಿ ಅವ್ವನ ಊರು, ಮಾಧ್ವ ಪಂಡಿತರ ಊರು. ಆ ಮನೆಗಳ ದೇವರ ಪೆಟ್ಟಿಗೆಯಲ್ಲಿ ಸಾಲಿಗ್ರಾಮ ಇರುತ್ತೆ. ನೇಪಾಳದ ಗಂಡಕಿ ನದಿಯಿಂದ ಬಂದ ಆ ಕಲ್ಲು ಅಮ್ಮೋನೈಟ್ ಎಂಬ ಕಡಲಜೀವಿಯ ಪಳೆಯುಳಿಕೆ. ಹೀಗೆ ದೂರದ ಕಡಲಿಗೆ ದಿನಾ ಅಭಿಷೇಕ ಆಗ್ತದೆ, ಕಾಲಡಿಯ ಕಡಲು ಲಾರಿ ಹತ್ತುತ್ತದೆ.

ಫೂಟ್ ಪುಸ್ತಕ ಬಂದ 1876ರಲ್ಲೇ ದೊಡ್ಡ ಬರ ಬಿತ್ತು. ಮುಂಬೈ ಪ್ರಾಂತ್ಯದಲ್ಲಿ ಅತಿ ಹೆಚ್ಚು ನರಳಿದ ಜಿಲ್ಲೆಗಳಲ್ಲಿ ಕಲಾದಗಿ ಒಂದು. ನೆಲದ ಪ್ರತಿ ಪದರ ಲೆಕ್ಕ ಹಾಕಿದ ಸರ್ಕಾರವೇ ಪರಿಹಾರ ಕಾಮಗಾರಿಯ ಕೂಲಿಯನ್ನು ಹೊಟ್ಟೆಗೆ ಸಾಲದಷ್ಟು ಇಳಿಸಿತು. ಇದಕ್ಕೆ ಫೂಟ್ ಹೊಣೆ ಅಲ್ಲ. ಆದರೆ ಆತನ ವಿಜ್ಞಾನವನ್ನು ಹೊಗಳುವಾಗ ಆತ ಯಾರ ನೌಕರ ಅನ್ನೋದನ್ನು ಬಿಟ್ಟು ಹೊಗಳೋಕೆ ಬರಲ್ಲ. 1874ರಲ್ಲಿ ಆತ ಡಂಬಳ ಗುಡ್ಡಗಳ, ಅಂದರೆ ನಮ್ಮ ಕಪ್ಪತಗುಡ್ಡದ, ಚಿನ್ನದ ಕಲ್ಲಿನ ಬಗ್ಗೆ ವರದಿ ಕೊಟ್ಟ. 'ಧಾರವಾಡ ವ್ಯವಸ್ಥೆ' ಅಂತ ಚಿನ್ನ, ಕಬ್ಬಿಣ ಹೊತ್ತ ಕಲ್ಲುಗಳಿಗೆ ಹೆಸರಿಟ್ಟವನೂ ಆತನೇ. ಬಳ್ಳಾರಿ ಜಿಲ್ಲೆಯ ಭೂವಿಜ್ಞಾನದ ಮೇಲಿನ ಆತನ ಗ್ರಂಥ 1895ರದ್ದು. ಸಂಡೂರಿಗೆ ಮುಂದೆ ಏನಾಯಿತು ಅಂತ ನಿಮಗೆ ನಾನು ಹೇಳಬೇಕಿಲ್ಲ. ಕಪ್ಪತಗುಡ್ಡವನ್ನು ಜನ ಬೀದಿಗಿಳಿದು ಕಾಪಾಡಿಕೊಂಡರು, 2019ರಲ್ಲಿ ವನ್ಯಜೀವಿಧಾಮ ಆಯಿತು.

ಆತನ ಸ್ವಂತ ಹುಚ್ಚು ಮಾತ್ರ ಸರ್ಕಾರಿ ಕೆಲಸದ ಪಕ್ಕದಲ್ಲೇ ನಡೆದಿತ್ತು. ಗೋಕಾಕ ಹತ್ತಿರದ ಚಿಕ್ಕಡೌಳಿಯಲ್ಲಿ ಸಿಕ್ಕ ಘೇಂಡಾಮೃಗದ ಪಳೆಯುಳಿಕೆಯನ್ನು 1874ರಲ್ಲಿ ತಾನೇ ವಿವರಿಸಿದ. ಈಗ ಕಬ್ಬು ಬೆಳೆಯುವ ಸೀಮೆಯಲ್ಲಿ ಘೇಂಡಾಮೃಗ! ಬಳ್ಳಾರಿಯ ಕಪ್ಪಗಲ್ಲು ಗುಡ್ಡದಲ್ಲಿ ನವಶಿಲಾಯುಗದವರು ಕಲ್ಲುಕೊಡಲಿ ಮಾಡ್ತಿದ್ದ ಜಾಗ ಗುರುತಿಸಿದ. ಬೂದಿಗುಡ್ಡಗಳು ರಾಕ್ಷಸರ ಚಿತೆಯಲ್ಲ, ದನಗಾಹಿಗಳ ಸಗಣಿ ಸುಟ್ಟ ಬೂದಿ ಅಂತ ವಾದಿಸಿದ; ಮುಂದೆ ಉತ್ಖನನಗಳು ಅದನ್ನೇ ತೋರಿಸಿದವು. ಎಲ್ಲವೂ ಸರಿ ಇರಲಿಲ್ಲ. ಹಳೆ ಶಿಲಾಯುಗಕ್ಕೂ ಹೊಸ ಶಿಲಾಯುಗಕ್ಕೂ ನಡುವೆ ಮನುಷ್ಯರಿಲ್ಲದ ದೊಡ್ಡ ಅಂತರ ಇತ್ತು ಅಂತ ನಂಬಿದ್ದ, ಅದು ನಿಲ್ಲಲಿಲ್ಲ.

ಈಗ ಲೋಕಾಪುರ, ಮುದ್ದಾಪುರ, ಬಾಗಲಕೋಟೆ ಕಡೆ ಕಲಾದಗಿ ಸುಣ್ಣಕಲ್ಲು ಸಿಮೆಂಟ್ ಆಗ್ತಿದೆ. ಅರಿಯಲೂರಿನ ಸುಣ್ಣಕಲ್ಲೂ ಹಾಗೇ. ಗಣಿ ಅಗೆದಾಗಲೇ ಪಳೆಯುಳಿಕೆ ಹೊರಬರೋದು, ಅದೇ ಗಣಿ ಅದನ್ನು ನುಂಗೋದು. ತಮಿಳುನಾಡು ಅರಿಯಲೂರಿನ ವಾರಣವಾಸಿಯಲ್ಲಿ ಪಳೆಯುಳಿಕೆ ಮ್ಯೂಸಿಯಂ ಕಟ್ಟಿತು. ಕೇಂದ್ರ ಗಣಿ ಸಚಿವಾಲಯ 2022ರ ಡಿಸೆಂಬರ್‌ನಲ್ಲಿ ಭೂಪರಂಪರೆ ಮಸೂದೆಯ ಕರಡು ಹೊರಡಿಸಿತು. ಅಧಿಕಾರವೆಲ್ಲ ಫೂಟ್ ದುಡಿದ ಅದೇ ಸರ್ವೇಕ್ಷಣೆಯ ಕೈಗೆ ಹೋಗುತ್ತೆ ಅಂತ ವಿದ್ವಾಂಸರೇ ತಕರಾರು ತೆಗೆದರು. ತಕರಾರು ನ್ಯಾಯವಾದದ್ದು. ಗಣಿ ಸಚಿವಾಲಯವೇ ಪರಂಪರೆಯ ಕಾವಲುಗಾರ ಆಗೋದು ಹೇಗೆ? ನಮ್ಮ ಕಡೆ ಸರ್ವೆ ಅಂದರೆ ಜನಕ್ಕೆ ನೆನಪಾಗೋದು ಆಲಮಟ್ಟಿ ಮುಳುಗಡೆಯ ಸರ್ವೆ, ಎಕರೆಗೆ ಎಷ್ಟು ಅನ್ನೋ ಪ್ರಶ್ನೆ. ಸ್ಫೋಟಕ ಇಡುವ ಮುಂಚೆ ಆ ಬಂಡೆಯಲ್ಲಿ ಏನಿದೆ ಅಂತ ನೋಡುವ ಸರ್ವೆ ಗ್ರಾಮ ಪಂಚಾಯಿತಿಗೂ ಗೊತ್ತಾಗುವಂತೆ, ಕನ್ನಡದಲ್ಲಿ ಆಗಬೇಕು. ಹತ್ತಿರದ ಕಾಲೇಜಿನ ಹುಡುಗ ಹುಡುಗಿಯರು ಮಾಡಬಹುದಾದ ಕೆಲಸ ಅದು.

ಫೂಟ್ 1891ರಲ್ಲಿ ನಿವೃತ್ತನಾದ. ಬರೋಡಾಕ್ಕೂ ಮುಂದೆ ಮೈಸೂರು ಸಂಸ್ಥಾನಕ್ಕೂ ದುಡಿದು ಯೇರ್ಕಾಡಿನ ಮನೆಯಲ್ಲಿ ಉಳಿದ. ಹೊಸದಾಗಿ ಬಂದ ಮಣ್ಣಿನ ಚೂರು, ಕಲ್ಲಿನ ಕೊಡಲಿಗೆಲ್ಲ ಎಲ್ಲಿ ಸಿಕ್ಕಿತು ಅಂತ ಬರೆದಿಡುತ್ತಿದ್ದ. ಹೆಸರಿಲ್ಲದ ಊರಿನ ಕಲ್ಲಿಗೆ ಬೆಲೆ ಇಲ್ಲ ಅನ್ನೋದು ಆತನ ಲೆಕ್ಕ. ಸಂಗ್ರಹ 1904ರಲ್ಲಿ ಮದ್ರಾಸ್ ಸರ್ಕಾರಿ ಮ್ಯೂಸಿಯಂಗೆ ಮಾರಾಟವಾಯಿತು. 1912ರ ಡಿಸೆಂಬರ್ 29ರಂದು ಕಲ್ಕತ್ತೆಯಲ್ಲಿ ತೀರಿಕೊಂಡ. ಚಿತಾಭಸ್ಮ ಯೇರ್ಕಾಡಿನ ಹೋಲಿ ಟ್ರಿನಿಟಿ ಚರ್ಚಿಗೆ ಬಂತು. ಸಂಗ್ರಹದ ಪಟ್ಟಿ 1914ರಲ್ಲಿ, ಅದರ ಟಿಪ್ಪಣಿ 1916ರಲ್ಲಿ ಅಚ್ಚಾದವು. ಬಳ್ಳಾರಿ ಸೀಮೆಯಲ್ಲಿ ಆತ ಹೆಕ್ಕಿದ ಕಲ್ಲುಗಳನ್ನು ನೋಡಬೇಕಂದರೆ ಇವತ್ತಿಗೂ ಚೆನ್ನೈನ ಎಗ್ಮೋರ್‌ಗೇ ಹೋಗಬೇಕು.