ಎಲ್ಲರೂ ನಕ್ಕ ಫಿಲ್ಟರ್

ಸೈಟಿಗೆ ಸೇಫ್ಟಿ ಇನ್‌ಸ್ಪೆಕ್ಟರ್ ಬಂದ್ರು ಅಂದ್ರೆ ನಮ್ಮಲ್ಲಿ ಬಹಳ ಜನರ ಮುಖ ಸಣ್ಣಗಾಗುತ್ತದೆ. ಇವತ್ತು ಅರ್ಧ ದಿನದ ಕೆಲಸ ಹೋಯ್ತು ಅಂತ ಮನಸ್ಸಿನಲ್ಲೇ ಲೆಕ್ಕ ಹಾಕುತ್ತೇವೆ. ಇಂಥದ್ದೇ ಲೆಕ್ಕವನ್ನು ಇಂಗ್ಲೆಂಡಿನ ದೊಡ್ಡ ದೊಡ್ಡ ಎಂಜಿನಿಯರುಗಳೂ ಒಂದು ಕಾಲದಲ್ಲಿ ಹಾಕಿದ್ದರು. ಅವರೆದುರು ಹಠ ಹಿಡಿದು ನಿಂತವರು ಸರ್ ಜಾನ್ ಕಾಕ್‌ಕ್ರಾಫ್ಟ್. ನೊಬೆಲ್ ಪ್ರಶಸ್ತಿ ಪಡೆದ ವಿಜ್ಞಾನಿ ಅಂತ ಪುಸ್ತಕಗಳಲ್ಲಿ ಅವರ ಹೆಸರು ಬರುತ್ತದೆ. ಆದರೆ ನಮ್ಮಂಥ ಎಲೆಕ್ಟ್ರಿಷಿಯನ್‌ಗಳಿಗೆ ಅವರು ಹತ್ತಿರದವರು ಅನ್ನಿಸೋದಕ್ಕೆ ಬೇರೆ ಕಾರಣ ಇದೆ. ಅವರೂ ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆಗಿ ಎಲೆಕ್ಟ್ರಿಕಲ್ ಕೆಲಸ ಕಲಿತವರು.

ಕಾಕ್‌ಕ್ರಾಫ್ಟ್ ಹುಟ್ಟಿದ್ದು 1897ರ ಮೇ 27ರಂದು, ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯ ಟಾಡ್‌ಮೋರ್ಡನ್ ಎಂಬ ಸಣ್ಣ ಊರಿನಲ್ಲಿ. ಮನೆತನದ್ದು ಹತ್ತಿ ಬಟ್ಟೆಯ ಮಿಲ್ಲು. ಐವರು ಗಂಡುಮಕ್ಕಳಲ್ಲಿ ಇವರೇ ಹಿರಿಯರು. 1914ರಲ್ಲಿ ಗಣಿತ ಓದಲು ಮ್ಯಾಂಚೆಸ್ಟರ್‌ಗೆ ಹೋದರು. ಅಷ್ಟರಲ್ಲಿ ಮೊದಲನೇ ಮಹಾಯುದ್ಧ ಶುರುವಾಯಿತು. ಓದು ಬಿಟ್ಟು ಫಿರಂಗಿ ದಳ ಸೇರಿ, ಸಿಗ್ನಲ್ ಕೆಲಸ ಮಾಡುತ್ತ ಯುದ್ಧಭೂಮಿಯಲ್ಲಿ ಕಾಲ ಕಳೆದರು. ಜೀವ ಉಳಿಸಿಕೊಂಡು ವಾಪಸ್ ಬಂದ ಮೇಲೆ ಮ್ಯಾಂಚೆಸ್ಟರ್‌ನ ಟೆಕ್ನಾಲಜಿ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ವಿಷಯ ತೆಗೆದುಕೊಂಡರು. ಆಮೇಲೆ ಮೆಟ್ರೋಪಾಲಿಟನ್ ವಿಕರ್ಸ್ ಎಂಬ ದೊಡ್ಡ ಕಾರ್ಖಾನೆಯಲ್ಲಿ ಎರಡು ವರ್ಷ ಅಪ್ರೆಂಟಿಸ್ ಆಗಿದ್ದರು. ಅಲ್ಲಿಂದ ಕೇಂಬ್ರಿಡ್ಜ್‌ಗೆ ಹೋಗಿ ಮತ್ತೆ ಗಣಿತ ಓದಿ, ರುದರ್‌ಫರ್ಡ್ ಅವರ ಪ್ರಯೋಗಶಾಲೆ ಸೇರಿದರು.

ಪರಮಾಣುವಿನ ಒಳಗಿನ ಬೀಜವನ್ನು ಒಡೆಯಬೇಕಾದರೆ ಹತ್ತಾರು ಲಕ್ಷ ವೋಲ್ಟ್ ಬೇಕು ಅಂತ ಆಗ ಎಲ್ಲರೂ ತಿಳಿದಿದ್ದರು. ಗಾಮೋವ್ ಎಂಬ ರಷ್ಯದ ವಿಜ್ಞಾನಿ ಬರೆದ ಹೊಸ ಲೆಕ್ಕವನ್ನು ಕಾಕ್‌ಕ್ರಾಫ್ಟ್ ಓದಿದರು. ಕೆಲವೇ ಲಕ್ಷ ವೋಲ್ಟ್ ಸಾಕು ಅಂತ ಅವರಿಗೆ ಗೊತ್ತಾಯಿತು. ವಾಲ್ಟನ್ ಎಂಬ ಐರಿಷ್ ತರುಣನ ಜೊತೆ ಕೂತು ಟ್ರಾನ್ಸ್‌ಫಾರ್ಮರ್, ರೆಕ್ಟಿಫೈಯರ್, ಕೆಪಾಸಿಟರ್ ಜೋಡಿಸಿ ವೋಲ್ಟೇಜ್ ಏರಿಸುವ ಒಂದು ಸರ್ಕಿಟ್ ಕಟ್ಟಿದರು. ಗಾಜಿನ ಕೊಳವೆಗಳು ಆಗಿನ ಪೆಟ್ರೋಲ್ ಪಂಪುಗಳಲ್ಲಿ ಇರುತ್ತಿದ್ದಂಥವು. ಗಾಳಿ ಸೋರದಂತೆ ಸಂದಿಗಳನ್ನು ಮುಚ್ಚಲು ಮಕ್ಕಳು ಆಡುವ ಪ್ಲಾಸ್ಟಿಸಿನ್ ಮೆತ್ತಿದ್ದರು. 1932ರ ಏಪ್ರಿಲ್‌ನಲ್ಲಿ ಆ ಯಂತ್ರದಿಂದ ಲಿಥಿಯಂ ಪರಮಾಣುವಿನ ಬೀಜ ಒಡೆಯಿತು. ಆ ಕೆಲಸಕ್ಕೇ 1951ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಆ ಸರ್ಕಿಟ್‌ಗೆ ಇವತ್ತಿಗೂ ಅವರಿಬ್ಬರ ಹೆಸರೇ ಇದೆ.

ಇಷ್ಟು ದೊಡ್ಡ ಹೆಸರು ಬಂದರೂ ಕೈಕೆಲಸದ ಕಡೆ ಅವರ ಗಮನ ಹೋಗಲಿಲ್ಲ ಅನ್ನೋ ಹಾಗಿಲ್ಲ. 1933ರಲ್ಲಿ ಅವರ ಕಾಲೇಜು ಹಳೇ ಕಟ್ಟಡಗಳ ಉಸ್ತುವಾರಿ ವಹಿಸಿತು. ಹೆಬ್ಬಾಗಿಲ ಕಟ್ಟಡದ ಮರವನ್ನು ಹುಳು ತಿಂದು ಹಾಕಿತ್ತು. ಅದನ್ನು ಬಿಚ್ಚಿಸಿ ರಿಪೇರಿ ಮಾಡಿಸಿದರು. ಕಾಲೇಜಿನ ವೈರಿಂಗ್ ಹೊಸದಾಗಿ ಎಳೆಯುವಾಗ ತಾವೇ ನಿಂತು ನೋಡಿಕೊಂಡರು. ಹೊರಗಿನಿಂದ ಗಟ್ಟಿಮುಟ್ಟಾಗಿ ಕಾಣುವುದರ ಒಳಗೆ ಏನಾಗಿರುತ್ತದೆ ಅನ್ನೋದು ಅಂಥ ಕೆಲಸ ಮಾಡಿಸಿದವರಿಗೆ ಗೊತ್ತಿರುತ್ತದೆ. ಅವರು ಮಿತಭಾಷಿ. ಸಣ್ಣ ಕಪ್ಪು ನೋಟ್‌ಬುಕ್ಕಿನಲ್ಲಿ ಸಣ್ಣ ಅಕ್ಷರದಲ್ಲಿ ಎಲ್ಲವನ್ನೂ ಬರೆದಿಡುತ್ತಿದ್ದರು.

ಎರಡನೇ ಮಹಾಯುದ್ಧದಲ್ಲಿ ರೇಡಾರ್ ಕೆಲಸ ಮಾಡಿದರು. 1944ರಲ್ಲಿ ಕೆನಡಾಕ್ಕೆ ಹೋಗಿ ಅಲ್ಲಿನ ಪರಮಾಣು ಯೋಜನೆಯ ಮುಖ್ಯಸ್ಥರಾದರು. 1946ರಲ್ಲಿ ಬ್ರಿಟನ್ನಿನ ಹಾರ್ವೆಲ್ ಸಂಶೋಧನಾ ಕೇಂದ್ರದ ಮೊದಲ ನಿರ್ದೇಶಕರಾದರು.

ಫಿಲ್ಟರ್ ಕಥೆ ಇಲ್ಲಿಂದ ಶುರು. ಅಣುಬಾಂಬಿಗೆ ಬೇಕಾದ ಪ್ಲುಟೋನಿಯಂ ತಯಾರಿಸಲು ಬ್ರಿಟನ್ ಸರ್ಕಾರ ವಾಯವ್ಯ ಸಮುದ್ರತೀರದ ವಿಂಡ್‌ಸ್ಕೇಲ್‌ನಲ್ಲಿ ಎರಡು ರಿಯಾಕ್ಟರ್ ಕಟ್ಟಿಸುತ್ತಿತ್ತು. ಅವಸರವೋ ಅವಸರ. ರಿಯಾಕ್ಟರ್ ತಂಪು ಮಾಡಲು ನೀರಿಲ್ಲ, ಬರೀ ಗಾಳಿ. ದೊಡ್ಡ ಫ್ಯಾನುಗಳು ಗಾಳಿಯನ್ನು ಒಳಕ್ಕೆ ತಳ್ಳುತ್ತವೆ, ಅದು ಬಿಸಿ ಇಂಧನದ ಮೇಲೆ ಹಾದು ಸುಮಾರು 120 ಮೀಟರ್ ಎತ್ತರದ ಚಿಮಣಿಯಿಂದ ಸೀದಾ ಆಕಾಶಕ್ಕೆ ಹೋಗುತ್ತದೆ. ಅಮೆರಿಕಕ್ಕೆ ಹೋಗಿದ್ದಾಗ ಕಾಕ್‌ಕ್ರಾಫ್ಟ್ ಅವರಿಗೆ ಓಕ್ ರಿಡ್ಜ್‌ನ ಅಂಥದ್ದೇ ರಿಯಾಕ್ಟರ್ ಸುತ್ತಮುತ್ತ ವಿಕಿರಣದ ಕಣಗಳು ಸಿಕ್ಕ ಸುದ್ದಿ ತಿಳಿಯಿತು. ವಾಪಸ್ ಬಂದವರೇ ಚಿಮಣಿಗೆ ಫಿಲ್ಟರ್ ಹಾಕಲೇಬೇಕು ಅಂತ ಕೂತರು.

ಅಷ್ಟರಲ್ಲಿ ಚಿಮಣಿ ಕಟ್ಟುವ ಕೆಲಸ ನಡೆದೇ ಇತ್ತು. ಫಿಲ್ಟರ್ ಇರಬೇಕಾದ ಜಾಗ ಬುಡದಲ್ಲಿ, ಆದರೆ ಬುಡ ಆಗಲೇ ಮುಗಿದಿತ್ತು. ಹಾಗಾಗಿ ಕಬ್ಬಿಣ, ಕಾಂಕ್ರೀಟು, ಇಟ್ಟಿಗೆ ಎಲ್ಲವನ್ನೂ ತುದಿಗೆ ಸಾಗಿಸಿ ಅಲ್ಲೇ ಫಿಲ್ಟರ್ ಕೋಣೆ ಕಟ್ಟಬೇಕಾಯಿತು. ಅಷ್ಟು ಎತ್ತರದಲ್ಲಿ ಗಾಳಿಗೆ ಎದೆಯೊಡ್ಡಿ ಕಟ್ಟಿದ ಕೂಲಿಗಳ ಕಷ್ಟ ನಮ್ಮಲ್ಲಿ ಹೈಟ್ ಕೆಲಸ ಮಾಡಿದವರಿಗೆ ಗೊತ್ತು. ಖರ್ಚು ಹೆಚ್ಚಿತು, ಸಮಯ ಹೋಯಿತು. ಕೆಳಗೆ ಸಪೂರ, ಮೇಲೆ ದಪ್ಪ, ನೋಡೋದಕ್ಕೂ ವಿಚಿತ್ರ. ಕಾಕ್‌ಕ್ರಾಫ್ಟ್ ಅವರ ಹುಚ್ಚಾಟ ಅಂತ ಅದಕ್ಕೆ ಅಡ್ಡಹೆಸರು ಬಿತ್ತು. ಓಕ್ ರಿಡ್ಜ್‌ನ ಕಣಗಳು ಬಂದದ್ದು ರಿಯಾಕ್ಟರಿನ ಚಿಮಣಿಯಿಂದ ಅಲ್ಲ ಅಂತ ಆಮೇಲೆ ಗೊತ್ತಾದಾಗ ನಗುವವರಿಗೆ ಇನ್ನೂ ಸುಲಭವಾಯಿತು. ಆದರೂ ಫಿಲ್ಟರ್ ಉಳಿಯಿತು.

1957ರ ಅಕ್ಟೋಬರ್ ಬಂತು. ರಿಯಾಕ್ಟರಿನ ಗ್ರಾಫೈಟ್ ಇಟ್ಟಿಗೆಗಳಲ್ಲಿ ದಿನ ಕಳೆದಂತೆ ಶಕ್ತಿ ಶೇಖರವಾಗುತ್ತದೆ. ಆಗಾಗ ಬಿಸಿ ಮಾಡಿ ಅದನ್ನು ಬಿಡಿಸಬೇಕು. ಆ ಸಲ ಬಿಡಿಸುವಾಗ ಶಾಖ ಸರಿಯಾಗಿ ಹರಡಲಿಲ್ಲ ಅಂತ ಕಂಡು ಆಪರೇಟರ್‌ಗಳು ಎರಡನೇ ಸಲ ಬಿಸಿ ಮಾಡಿದರು. ಅವರು ನೋಡುತ್ತಿದ್ದ ಥರ್ಮೋಕಪಲ್‌ಗಳನ್ನು ಇಟ್ಟಿದ್ದದ್ದು ರಿಯಾಕ್ಟರ್ ಮಾಮೂಲಿ ಓಡುವಾಗ ಹೆಚ್ಚು ಬಿಸಿಯಾಗುವ ಕಡೆ. ಈ ಕೆಲಸದಲ್ಲಿ ಹೆಚ್ಚು ಬಿಸಿಯಾಗುವ ಜಾಗ ಬೇರೆಯೇ ಇತ್ತು. ಮೀಟರ್ ಸುಳ್ಳು ಹೇಳಲಿಲ್ಲ, ಆದರೆ ಅದು ಇದ್ದದ್ದೇ ತಪ್ಪು ಜಾಗದಲ್ಲಿ. ಈ ಕೆಲಸಕ್ಕೆ ಸರಿಯಾದ ಲಿಖಿತ ಸೂಚನೆಗಳೂ ಅವರ ಕೈಯಲ್ಲಿ ಇರಲಿಲ್ಲ. ಅಕ್ಟೋಬರ್ 10ರಂದು ನೋಡಿದರೆ ಒಳಗೆ ಯುರೇನಿಯಂ ಉರಿಯುತ್ತಿತ್ತು. ಕೆಲಸಗಾರರು ಕೈಗೆ ಸಿಕ್ಕ ಸ್ಕ್ಯಾಫೋಲ್ಡಿಂಗ್ ಪೈಪುಗಳಿಂದ ಇಂಧನದ ತುಂಡುಗಳನ್ನು ಹೊರಕ್ಕೆ ತಳ್ಳಿದರು. ಕೊನೆಗೆ 11ರ ಬೆಳಗ್ಗೆ ನೀರು ಬಿಟ್ಟು, ಫ್ಯಾನುಗಳ ಗಾಳಿ ನಿಲ್ಲಿಸಿದಾಗ ಬೆಂಕಿ ಹತೋಟಿಗೆ ಬಂತು.

ಆ ಹೊತ್ತಿನಲ್ಲಿ ಚಿಮಣಿಯಿಂದ ಹೊರಟ ವಿಕಿರಣದ ಕಣಗಳಲ್ಲಿ ದೊಡ್ಡ ಪಾಲನ್ನು ತಡೆದದ್ದು ಆ ಹುಚ್ಚಾಟದ ಫಿಲ್ಟರ್. ಹಾಗಂತ ಏನೂ ಆಗಲಿಲ್ಲ ಅನ್ನೋದು ತಪ್ಪು. ಅಯೋಡಿನ್ ಅನಿಲದ ರೂಪದಲ್ಲಿ ತಪ್ಪಿಸಿಕೊಂಡು ಹೋಯಿತು. ಸುಮಾರು 500 ಚದರ ಕಿಲೋಮೀಟರ್ ಪ್ರದೇಶದ ಹಾಲನ್ನು ಕುಡಿಯದಂತೆ ನಿಷೇಧಿಸಿ, ಚೆಲ್ಲಿಬಿಟ್ಟರು. ಫಿಲ್ಟರ್ ಇಲ್ಲದಿದ್ದರೆ ಅದಕ್ಕಿಂತ ಎಷ್ಟೋ ಪಾಲು ಕೆಟ್ಟದಾಗುತ್ತಿತ್ತು. ಆ ಎರಡು ರಿಯಾಕ್ಟರುಗಳು ಮತ್ತೆ ಓಡಲಿಲ್ಲ. ಅಡ್ಡಹೆಸರು ಇಟ್ಟವರು ನಗುವುದನ್ನೂ ನಿಲ್ಲಿಸಿದರು.

ಆಮೇಲಿನ ಕಥೆ ನಮ್ಮಂಥ ದುಡಿಯುವವರು ಗಮನಿಸಬೇಕಾದ್ದು. ವಿಂಡ್‌ಸ್ಕೇಲ್ ನಡೆಸುತ್ತಿದ್ದದ್ದು ಪರಮಾಣು ಶಕ್ತಿ ಪ್ರಾಧಿಕಾರ. ಸುರಕ್ಷತೆ ನೋಡಿಕೊಳ್ಳಬೇಕಾದವರೂ ಅವರೇ. ಬೆಂಕಿಯ ವಿಚಾರಣೆಗೆ ಮುಖ್ಯಸ್ಥರಾದ ವಿಲಿಯಂ ಪೆನ್ನಿ ಕೂಡ ಅದೇ ಪ್ರಾಧಿಕಾರದವರು. ಅವರ ಪೂರ್ತಿ ವರದಿಯನ್ನು ಸರ್ಕಾರ ಮುಚ್ಚಿಟ್ಟಿತು, ಅದು ಜನರ ಕೈಗೆ ಬಂದದ್ದು 1988ರಲ್ಲಿ. ಹೊರಗೆ ಹೇಳಿದ್ದರಲ್ಲಿ ಮುಖ್ಯವಾಗಿ ಕಂಡದ್ದು ಸಿಬ್ಬಂದಿಯ ತಪ್ಪು ನಿರ್ಧಾರ. ಮೀಟರ್ ತಪ್ಪು ಜಾಗದಲ್ಲಿ ಇಟ್ಟವರ ಬಗ್ಗೆ, ಅವಸರ ಮಾಡಿಸಿದವರ ಬಗ್ಗೆ ಅಷ್ಟು ಮಾತಿಲ್ಲ. ಮೇಲಿನವರ ಭಾರ ಕೆಳಗಿನವರ ತಲೆ ಮೇಲೆ ಬೀಳುವುದು ಎಲ್ಲ ದೇಶಗಳಲ್ಲೂ ಒಂದೇ.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನುತ್ತಾರಲ್ಲ, ಹಾಗಾದರೂ ಬಾಗಿಲು ಬಂತು. ವಿದ್ಯುತ್ತಿಗಾಗಿ ಹೊಸ ಪರಮಾಣು ಸ್ಥಾವರಗಳು ಏಳುತ್ತಿದ್ದ ಕಾಲ ಅದು. 1959ರಲ್ಲಿ ಪಾರ್ಲಿಮೆಂಟ್ ಒಂದು ಕಾನೂನು ಮಾಡಿತು: ಲೈಸೆನ್ಸ್ ಇಲ್ಲದೆ ಯಾರೂ ರಿಯಾಕ್ಟರ್ ನಡೆಸುವ ಹಾಗಿಲ್ಲ, ಇನ್‌ಸ್ಪೆಕ್ಟರ್‌ಗಳು ಬಂದು ನೋಡಬೇಕು. ಪ್ರಾಧಿಕಾರದ ಸ್ವಂತ ಜಾಗಗಳಿಗೆ ಮಾತ್ರ ಆಗ ಲೈಸೆನ್ಸ್ ಬೇಕಿರಲಿಲ್ಲ. ಬಾಗಿಲು ಬಂದರೂ ಪೂರ್ತಿ ಮುಚ್ಚಲಿಲ್ಲ ಅಂತ ತಿಳಿಯಿರಿ.

ಹೊರಗಿನವರೇ ಯಾಕೆ ನೋಡಬೇಕು ಅನ್ನೋದಕ್ಕೆ ಕಾಕ್‌ಕ್ರಾಫ್ಟ್ ಅವರ ಜೀವನದಲ್ಲೇ ಇನ್ನೊಂದು ಸಾಕ್ಷಿ ಇದೆ. ಬೆಂಕಿಯಾಗಿ ಮೂರೇ ತಿಂಗಳಿಗೆ, 1958ರ ಜನವರಿಯಲ್ಲಿ, ಸೂರ್ಯನಲ್ಲಿ ನಡೆಯುವಂಥ ಬೆಸುಗೆ ಕ್ರಿಯೆ ಹಾರ್ವೆಲ್‌ನ ಜೀಟಾ ಯಂತ್ರದಲ್ಲಿ ನಡೆದಿದೆ ಅಂತ ತಮಗೆ ನೂರಕ್ಕೆ ತೊಂಬತ್ತು ಪಾಲು ಖಾತ್ರಿ ಇದೆ ಎಂದು ಅವರು ಪತ್ರಕರ್ತರಿಗೆ ತಿಳಿಸಿದರು. ಜಗತ್ತೆಲ್ಲ ಸುದ್ದಿಯಾಯಿತು. ಮೇ ತಿಂಗಳ ಹೊತ್ತಿಗೆ ಅದು ಸುಳ್ಳು ಅಂತ ಒಪ್ಪಿಕೊಳ್ಳಬೇಕಾಯಿತು. ಬೇರೆಯವರು ಕಟ್ಟುತ್ತಿದ್ದ ಚಿಮಣಿಯ ಕೊರತೆ ಕಂಡ ಕಣ್ಣಿಗೇ ತಮ್ಮ ಮನೆಯ ಯಂತ್ರದ ಕೊರತೆ ಕಾಣಲಿಲ್ಲ. ತನ್ನ ಬೆನ್ನು ತನಗೆ ಕಾಣುವುದಿಲ್ಲ. ಅವರು ಅಪ್ರಾಮಾಣಿಕರು ಅಂತ ಅಲ್ಲ, ಮನುಷ್ಯರು ಅಷ್ಟೇ. ಅದಕ್ಕೇ ಕೆಲಸ ಮಾಡಿದವನೇ ಅದಕ್ಕೆ ಸೈ ಅನ್ನಬಾರದು.

ನಾವು ದುಡಿಯುತ್ತಿರುವ ಈ ಯುಎಇಯ ಬರಾಕಾದಲ್ಲಿ ಇವತ್ತು ನಾಲ್ಕು ರಿಯಾಕ್ಟರುಗಳಿವೆ. ಅವಕ್ಕೆ ಲೈಸೆನ್ಸ್ ಕೊಡುವ, ತಪಾಸಣೆ ಮಾಡುವ ಸಂಸ್ಥೆ ಬೇರೆ, ನಡೆಸುವ ಕಂಪನಿ ಬೇರೆ. ನಮ್ಮ ಕಾರವಾರದ ಹತ್ತಿರದ ಕೈಗಾ ಸ್ಥಾವರವನ್ನು ತಪಾಸಣೆ ಮಾಡಲು 1983ರಲ್ಲಿ ಶುರುವಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಇದೆ. ಆ ವ್ಯವಸ್ಥೆಗಳ ಹಿಂದೆ ವಿಂಡ್‌ಸ್ಕೇಲ್‌ನಂಥ ಪಾಠಗಳಿವೆ.

ಕಾಕ್‌ಕ್ರಾಫ್ಟ್ ಆಮೇಲೆ ಕೇಂಬ್ರಿಡ್ಜ್‌ನ ಚರ್ಚಿಲ್ ಕಾಲೇಜಿನ ಮೊದಲ ಮುಖ್ಯಸ್ಥರಾದರು. 1967ರ ಸೆಪ್ಟೆಂಬರ್ 18ರಂದು, ಎಪ್ಪತ್ತನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಮೊದಲ ಮಗ ತಿಮೊತಿ ಎಳೆ ವಯಸ್ಸಿನಲ್ಲೇ ಹೋಗಿಬಿಟ್ಟಿದ್ದ. ಆ ಮಗುವಿನ ಸಮಾಧಿಯಲ್ಲೇ ತಂದೆಯನ್ನೂ ಮಣ್ಣು ಮಾಡಿದರು.

ಫಿಲ್ಟರ್ ಹಾಕಿದ ಮೇಲೆ ಬೆಂಕಿ ಬೀಳದೇ ಇದ್ದಿದ್ದರೆ ಅದು ಇವತ್ತಿಗೂ ಹುಚ್ಚಾಟವಾಗಿಯೇ ಉಳಿಯುತ್ತಿತ್ತು. ಸೇಫ್ಟಿ ಕೆಲಸದ ಹಣೆಬರಹವೇ ಅದು. ಸರಿಯಾಗಿ ಮಾಡಿದರೆ ಏನೂ ಆಗುವುದಿಲ್ಲ, ಏನೂ ಆಗದಿದ್ದರೆ ದಂಡ ಅನ್ನಿಸುತ್ತದೆ. ಮುಂದಿನ ಸಲ ಇನ್‌ಸ್ಪೆಕ್ಟರ್ ಬಂದು ಪ್ಯಾನೆಲ್ ಬಾಗಿಲು ತೆಗೆಸಿದಾಗ ಅರ್ಧ ದಿನ ಹೋದರೆ ಹೋಗಲಿ, ಗೆಳೆಯರೇ. ಸಂಜೆ ಎಲ್ಲರೂ ರೂಮಿಗೆ ವಾಪಸ್ ಬರೋದು ಮುಖ್ಯ.